ವಸ್ತಾದರು ಕಿವಿಯಲ್ಲಿ ಹೇಳಿದ ಮಾತು

ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ ವಾಸನೆ. ಹೋದ ರವಿವಾರ ಹಿಂದವಾಡಿಯ ನಮ್ಮ ಮನೆಯಲ್ಲಿ ಹೆಂಡತಿ ಆ ಎಣ್ಣೆಯನ್ನು ನನ್ನ ಮೊಣಕಾಲಿಗೆ ತಿಕ್ಕುತ್ತಿದ್ದಳು. ಈ ಮೊಣಕಾಲು ಯಾವ ಆಟದಲ್ಲೂ ಸವೆದದ್ದಲ್ಲ. ಬಸ್ಸು ತಪ್ಪೀತೆಂದು ಆಯುಷ್ಯವಿಡೀ ಓಡಿ ಸವೆದದ್ದು. ಎದುರಿನ ಟಿ.ವಿ.ಯಲ್ಲಿ ಒಂದು ಸಿನಿಮಾ. ಬೇಕೆಂತಲೇ ಮ್ಯಾಚ್ ಸೋತನೆಂದು ಹೆಸರು ಕೆಡಿಸಿಕೊಂಡ ಕ್ರಿಕೆಟ್ ಆಟಗಾರನೊಬ್ಬನ ಜೀವನಕಥೆ. ಆ ಎಣ್ಣೆ, ಈ ಸಿನಿಮಾ ಎರಡೂ ಕೂಡಿದ್ದೇ ತಪ್ಪಾಯಿತು... ನಾನು ಕೂತಲ್ಲೇ ಖಾನಾಪುರಕ್ಕೆ ಹೋಗಿಬಿಟ್ಟೆ.

ಎರಡು ಸಾವಿರದ ಇಸವಿಯ ಆಸುಪಾಸು ಅಲ್ಲಿಯ ಸಾಲೆಯೊಂದರಲ್ಲಿ ಕಾರಕೂನನಾಗಿದ್ದೆ. ನನ್ನ ಬಾಡಿಗೆ ಕೋಣೆಗೆ ಹತ್ತಿಕೊಂಡೇ ಗರಡಿಮನೆ. ಅಲ್ಲಿ ಕುಸ್ತಿ ಕಲಿಸುವವರನ್ನು ಊರೆಲ್ಲ ವಸ್ತಾದ್ ಎನ್ನುತ್ತಿತ್ತು. ನಲವತ್ತು ಸಮೀಪಿಸಿದ್ದರೂ ಕಣಕ್ಕಿಳಿಯುತ್ತಿದ್ದರು. ಕುಸ್ತಿ ಕಲಿಸುವವರೇ ಕೀಲು ಕೂಡಿಸುವವರೂ ಆದ್ದರಿಂದ ಸರಿದ ಭುಜ, ಉಳುಕಿದ ಪಾದ ಎಲ್ಲ ಅವರ ಕಟ್ಟೆಗೇ ಬರುತ್ತಿದ್ದವು. ಮೊದಲ ದಿನವೇ ನನ್ನ ತೋಳು ಹಿಡಿದು ನೋಡಿ, “ಸರ್, ಇದು ಕೈಯೋ, ಛತ್ರಿ ಹಿಡಿಕಿನೋ?” ಅಂದಿದ್ದರು.

ಒಂದು ಮಧ್ಯಾಹ್ನ ನಾನು ಆ ಕಟ್ಟೆಯ ಮೇಲಿದ್ದಾಗ ಪೀರನವಾಡಿಯ ಪೈಲ್ವಾನನೊಬ್ಬ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದ. ಮುಂದಿನ ವಾರ ವಸ್ತಾದರ ಎದುರು ಕುಸ್ತಿ ಹಿಡಿಯಬೇಕಾದವನು ಅವನೇ. ಎಡಭುಜ ಸರಿದಿತ್ತು.

“ಬರೂ ತಿಂಗಳ ಕ್ಯಾಂಪಿನ್ಯಾಗ ಸೈನ್ಯದ ಭರ್ತಿ ಐತ್ರಿ ವಸ್ತಾದ್. ಭುಜದ ಸುದ್ದಿ ಹೊರಗ ಬಿದ್ರ ನನ್ನ ತೊಗೊಳ್ಳಂಗಿಲ್ರಿ. ಕುಸ್ತಿ ಬಿಟ್ರೂ ಮಂದಿ ಯಾಕಂತ ಕೇಳತಾರ.”

ಅವನ ಕಾಲು ಒತ್ತಿ ಹಿಡಿಯುವ ಕೆಲಸ ನನಗೆ ಬಂತು. ಭುಜ ಕಟ್ ಎಂದು ಕೂತಿತು. ಕೂಗಿದವನು ನಾನು.

“ಇದು ಈ ನಾಕು ಗ್ವಾಡಿ ದಾಟಬಾರದು ನೋಡ್ರಿ, ಸರ್,” ಅಂದರು ವಸ್ತಾದರು. ಮಾತು ಕೊಟ್ಟೆ. ಕೊಟ್ಟ ಕ್ಷಣದಿಂದ ನನಗೆ ಊಟ ಸೇರಲಿಲ್ಲ.

ಕುಸ್ತಿಯ ದಿನ ಅವರ ಅಂಗಿ ಮಡಿಚಿ ಹಿಡಿದುಕೊಂಡು ಕಣದ ಅಂಚಿನಲ್ಲೇ ಕೂತಿದ್ದೆ. ಕೈ ಕೂಡಿಸುವ ಮೊದಲು ಪೈಲ್ವಾನರು ಒಬ್ಬರಿಗೊಬ್ಬರು ಕೆಂಪು ಮಣ್ಣು ಹಚ್ಚುವುದು ಪದ್ಧತಿ. ಹಾಗೆ ಹಚ್ಚುತ್ತ ವಸ್ತಾದರು ಅವನ ಕಿವಿಯತ್ತ ಬಾಗಿದರು.

“ನಾ ಎಡಕ್ಕ ಕೈ ಹಾಕಂಗಿಲ್ಲ ತಮ್ಮಾ. ಹೆದರಬ್ಯಾಡ.”

ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರು ಎಡಕ್ಕೆ ಕೈ ಹಾಕಲೂ ಇಲ್ಲ. ಅರ್ಧ ಮೈಯನ್ನು ಬಿಟ್ಟುಕೊಟ್ಟು ಕುಸ್ತಿ ಗೆದ್ದವರುಂಟೆ? ಸ್ವಲ್ಪ ಹೊತ್ತಿನಲ್ಲೇ ವಸ್ತಾದರ ಬೆನ್ನು ಮಣ್ಣಿಗೆ ಹತ್ತಿತು.

ಫಿಕ್ಸಿಂಗ್ ಎಂಬ ಮಾತು ಆಗಷ್ಟೇ ಪೇಪರಿನಿಂದ ಚಹಾದಂಗಡಿಗೆ ಇಳಿದಿತ್ತು. ಹೊಸ ಮಾತು, ಬಳಸಲು ಜನಕ್ಕೊಂದು ಜಾಗ ಬೇಕಿತ್ತು. ಕಿವಿಯಲ್ಲಿ ಮಾತಾಡಿದ್ದನ್ನು ದೂರದಿಂದ ಕಂಡವರು ಬಹಳ ಮಂದಿ. ಕುಸ್ತಿ ನಡೆಸಿದ ಪಂಚರು ನನ್ನನ್ನು ಕರೆದರು.

“ಬಾಜೂಕ ಕುಂತವರು ನೀವ, ಸರ್. ಏನಂದ್ರು ಅವರು?”

“ಏನೋ ಅಂದದ್ದು ಖರೇರಿ... ನನಗ ಕೇಳಿಸ್ಲಿಲ್ಲ.”

ಕೊಟ್ಟ ಮಾತು ಉಳಿಸಿದೆನೆಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ವಿಚಾರಣೆ, ಸಾಕ್ಷಿ, ನೌಕರಿ ಎಂದೆಲ್ಲ ನೆನೆದು ಅಂಜಿದ್ದೆ. ಬಾಯಿಗೆ ಬಂದಷ್ಟು ಆಡಿ ಪಾರಾದೆ. ಏನೋ ಅಂದದ್ದು ಖರೆ ಎಂಬ ನನ್ನ ಮಾತನ್ನೇ ಹಿಡಿದು, ವಸ್ತಾದರನ್ನು ಇನ್ನು ಕಣಕ್ಕೆ ಕರೆಯಬಾರದೆಂದು ಪಂಚರು ಠರಾಯಿಸಿದರು.

ಸಂಜೆ ಹೋದಾಗ ಅವರು ಎಣ್ಣೆ ಸೋಸುತ್ತಿದ್ದರು. “ಚಲೋ ಆತು ಬಿಡ್ರಿ. ಆ ಹುಡುಗನ ಭರ್ತಿ ಉಳೀತು,” ಅಂದರು. ಬಟ್ಟೆ ಹಿಂಡಿ, “ಆದ್ರ ಸರ್, ಏನೂ ಅನಲಿಲ್ಲ ಅಂದಿದ್ರೂ ನಡೀತಿತ್ತು,” ಅಂದರು. ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಪೈಲ್ವಾನ ಸೈನ್ಯ ಸೇರಿದ. ಗರಡಿಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕಣದ ಮಣ್ಣು ಗಟ್ಟಿಯಾಯಿತು... ನನಗೆ ವರ್ಗವಾದಾಗ ವಸ್ತಾದರು ಒಂದು ಬಾಟಲಿ ಎಣ್ಣೆ ಕೊಟ್ಟು, ಮಾಡುವ ಬಗೆಯನ್ನೂ ಹೇಳಿದರು. “ಅಂಜಿ ಅಂಜಿ ಓಡಾಡೂ ಮಂದಿ ನೀವು. ಮೊಣಕಾಲಿಗೆ ಬೇಕಾಕ್ಕತಿ.”

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ಬಸ್ಸಿನಲ್ಲಿ ಕೇಳಿದೆ. ಹೇಳಿದವನು, “ಅವರ್ರೀ, ಆ ಫಿಕ್ಸಿಂಗ್ ವಸ್ತಾದ್,” ಎಂದು ಗುರುತು ಹೇಳಿದ. ನಾನು ಕಿಟಕಿಯಾಚೆ ನೋಡಿದೆ.

ಸಿನಿಮಾದ ಕೊನೆಯಲ್ಲಿ ಆಟಗಾರನ ಗೆಳೆಯ ಕೋರ್ಟಿನ ಕಟಕಟೆಗೆ ಬಂದು, ಕಂಡದ್ದನ್ನೆಲ್ಲ ಹೇಳಿಬಿಟ್ಟ. ಹೆಂಡತಿ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡಳು.

“ಇಂಥಾ ದೋಸ್ತ ಒಬ್ಬ ಇದ್ರ ಸಾಕು ನೋಡ್ರಿ.”

ನನ್ನಿಂದ ಮಾತು ತೆಗೆದುಕೊಂಡವರು ಈಗಿಲ್ಲ. ಆ ಪೈಲ್ವಾನನ ಸೈನ್ಯದ ನೌಕರಿಯೂ ಮುಗಿದಿರಬೇಕು. ಹೇಳಿದರೆ ಅವರ ಹೆಸರನ್ನು ಬಿಟ್ಟು ಇನ್ಯಾರದೂ ಏನೂ ಬದಲಾಗುವಂತಿಲ್ಲ. ಬಾಯಿ ತೆರೆದೆ.

“ಮೊಣಕಾಲು ಭಾಳ ನೋಯಾಕತ್ತೈತಿ,” ಅಂದೆ.

ಆಕೆ ಇನ್ನೊಂದಿಷ್ಟು ಎಣ್ಣೆ ಸುರಿದಳು.