ಕಡ್ಡಿಕಾಲಿನ ಹಕ್ಕಿಗಳ ದಿಬ್ಬ

ನನ್ನ ಮೈದುನ ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಮದುವೆಯಾಗಿ ಈ ಮನೆಗೆ ಬಂದಾಗ ಅವನು ಚಡ್ಡಿ ಹಾಕಿಕೊಂಡು ನನ್ನ ಸೆರಗು ಹಿಡಿದು ಓಡಾಡುತ್ತಿದ್ದ. ಈಗ ಕೆರೆ ಸಮಿತಿಯ ಅಧ್ಯಕ್ಷ.

ನಮ್ಮೂರು ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿದೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ನಡುವೆ ಒಂದು ಮಣ್ಣಿನ ದಿಬ್ಬ ಏಳುತ್ತದೆ, ಸುತ್ತ ಪಾದ ಮುಳುಗುವಷ್ಟು ನೀರು. ಕೆಂಪು ಕಾಲಿನ, ಕಪ್ಪು ರೆಕ್ಕೆಯ ಹಕ್ಕಿಗಳು ಅಲ್ಲಿಗೆ ಮೊಟ್ಟೆಯಿಡಲು ಬರುತ್ತಿದ್ದವು. ಮೆಟ್ಟುಗಾಲು ಹಕ್ಕಿ ಎಂದು ಪುಸ್ತಕದಲ್ಲಿದೆಯಂತೆ. ನನಗೆ ಅವು ಕಡ್ಡಿಕಾಲಿನವು. ಗೂಡೆಂದರೆ ನಾಲ್ಕು ಹುಲ್ಲುಕಡ್ಡಿ, ಅದರ ಮೇಲೆ ಮಣ್ಣಿನ ಬಣ್ಣದ ಮೊಟ್ಟೆ, ಅಷ್ಟೇ. ಎಮ್ಮೆ ಹೊಡೆದುಕೊಂಡು ಹೋಗುವವರನ್ನು ದಿಬ್ಬ ಬಳಸಿ ಹೋಗಿ ಎಂದು ಗದರುತ್ತಿದ್ದೆ. ನನಗೆ ಹಕ್ಕಿ ಹುಚ್ಚು ಎಂದು ನಗುತ್ತಿದ್ದರು. ನಕ್ಕುಕೊಂಡೇ ಬಳಸಿ ಹೋಗುತ್ತಿದ್ದರು.

ಹೊಳೆ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುವ ಕೆಲಸ ನಮ್ಮೂರಿಗೂ ಬಂದ ವರ್ಷ ಅದು. ನೀರು ನನಗೇನು ಬೇಡವಾಗಿತ್ತೇ? ಕೆಮ್ಮಿ ಕೆಮ್ಮಿ ನೀರುಗುಳುವ ಬೋರಿನ ಮುಂದೆ ಕೊಡ ಇಟ್ಟು ಕಾದವಳು ನಾನೂ. ಆದರೆ ದಿಬ್ಬದ ತುಂಬ ಮೊಟ್ಟೆಗಳಿದ್ದವು. ಮರಿ ಹೊರಬಂದರೆ ತಾವೇ ಓಡಿ ದಡ ಸೇರುತ್ತವೆ, ಅಲ್ಲಿಯವರೆಗೆ ತಡೆಯಪ್ಪಾ ಎಂದು ಮೈದುನನನ್ನು ಕೇಳಿದೆ.

"ಮರಿ ಆದ್ಮೇಲೇ ನೀರು ಬಿಡಿಸ್ತೀನಿ ಅತ್ಗೆ, ನನ್ನಾಣೆಗೂ," ಅಂದ.

ಕೆರೆ ಕೋಡಿ ಬಿದ್ದಾಗ ಬಾಗಿನ ಬಿಡುವುದು ನಮ್ಮಲ್ಲಿನ ಪದ್ಧತಿ. ಸಮಿತಿಯವರಿಗೆ ಮಾತ್ರ ಪೈಪಿನ ನೀರಿಗೂ ಬಾಗಿನ ಆಗಬೇಕಿತ್ತು. ಮನೆಯ ಹಿರಿಯ ಸೊಸೆ ನಾನು, ಬಿಡಲು ಒಪ್ಪಿಕೊಂಡೆ. ಒಂದು ಬೆಳಿಗ್ಗೆ ಮೈದುನ, "ಅವಸರ ಏನಿಲ್ಲ, ಸಾಮಾನು ತಂದಿಟ್ಕೊಂಡಿರಿ," ಎಂದು ತಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತರೀಕೆರೆ ಬಸ್ಸು ಹತ್ತಿಸಿದ. ಜೊತೆ ಮೊರ, ಹಸಿರು ಬಳೆ, ಅರಿಸಿನ ಕುಂಕುಮ, ರವಿಕೆ ಕಣ ಎಲ್ಲ ಆರಿಸಿ ಆರಿಸಿ ತಂದೆ.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಿಂದಲೇ ಕೆರೆ ಹೊಳೆಯುವುದು ಕಂಡಿತು. ಮೊರ ಕಂಕುಳಲ್ಲಿಟ್ಟುಕೊಂಡೇ ಏರಿಯ ಮೇಲೆ ಓಡಿದೆ. ಪೈಪಿನ ಬಾಯಿಂದ ನೀರು ಭೋರ್ಗರೆಯುತ್ತಿತ್ತು. ದಿಬ್ಬದ ಬೆನ್ನಷ್ಟೇ ಉಳಿದಿತ್ತು. ಹಕ್ಕಿಗಳು ಹಾರಿ ಹೋಗಿರಲಿಲ್ಲ. ಸಿಕ್ಕ ಸಿಕ್ಕ ಹುಲ್ಲುಕಡ್ಡಿ ಕಚ್ಚಿ ತಂದು ಮೊಟ್ಟೆಯ ಅಡಿಗೆ ತುರುಕುತ್ತಿದ್ದವು, ಗೂಡು ಎತ್ತರಿಸಲು. ನೀರು ಏರಿದಷ್ಟೂ ಕಡ್ಡಿ ತಂದವು. ಹೊತ್ತು ಮುಳುಗುವ ಮೊದಲೇ ದಿಬ್ಬ ಮುಳುಗಿತು. ಆಮೇಲೆ ಕೂಗಿಕೊಂಡು ಅಲ್ಲೇ ಸುತ್ತಿದವು.

ಮೈದುನ ಹೂವಿನ ಹಾರ ಹಾಕಿಸಿಕೊಂಡು ಏರಿಯ ಮೇಲೆ ನಿಂತಿದ್ದ.

"ಇವತ್ತು ಬಿಡಿಸ್ದಿದ್ರೆ ಪಕ್ಕದೂರಿಗೆ ತಿರುಗಿಸ್ಬಿಡೋರು ಅತ್ಗೆ," ಅಂದ.

"ಹೇಳ್ಬೋದಿತ್ತಲ್ಲೋ."

"ಹೇಳಿದ್ರೆ ನೀವು ಬಿಡ್ತಿದ್ರಾ?"

ಬಿಡುತ್ತಿದ್ದೆ. ಅತ್ತುಕೊಂಡಾದರೂ ಬಿಡುತ್ತಿದ್ದೆ. ಊರಿನ ಬಾಯಾರಿಕೆ ನನಗೆ ಗೊತ್ತಿಲ್ಲವೇ? ನನ್ನನ್ನು ಬಸ್ಸು ಹತ್ತಿಸಿದ್ದನಲ್ಲ, ಅದು ಹೊಟ್ಟೆ ಉರಿಸಿತು. ಮೊರ ಅವನ ಕಾಲ ಬಳಿ ಇಟ್ಟು ಬಂದೆ. ಬಾಗಿನವನ್ನು ಯಾರು ಬಿಟ್ಟರೋ ನಾನು ಕೇಳಲಿಲ್ಲ.

ಈಗ ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ. ಬೋರಿನಲ್ಲಿ ನೀರಿದೆ, ಸುಳ್ಳು ಹೇಳಲಾರೆ. ಮೀನು ಬಿಟ್ಟಿದ್ದಾರೆ, ಅದಕ್ಕೆ ನೀರುಕಾಗೆಗಳು ಹಿಂಡುಗಟ್ಟಿ ಬರುತ್ತವೆ. ಆಳದ ನೀರಲ್ಲಿ ಕಡ್ಡಿಕಾಲಿನವಕ್ಕೆ ನಿಲ್ಲಲು ಜಾಗವಿಲ್ಲ. ಹೋದ ತಿಂಗಳು ಕಡೂರಿನಿಂದ ಹಕ್ಕಿಗಳ ಫೋಟೋಗೆಂದು ಕ್ಯಾಮೆರಾ ಹಿಡಿದು ಬಂದವರಿಗೆ ಮೈದುನ ಕೆರೆ ತೋರಿಸುತ್ತಿದ್ದ. ನನ್ನನ್ನು ಕಂಡು ಕೈ ಬೀಸಿ ಕರೆದ.

"ನಮ್ಮತ್ಗೆಗೆ ಹಕ್ಕಿ ಅಂದ್ರೆ ಪ್ರಾಣ ಕಣ್ರೀ. ಇವ್ರಿಗೋಸ್ಕರಾನೇ ಇಷ್ಟೆಲ್ಲ ಮಾಡಿದ್ದು," ಎಂದು ಅವರಿಗೆ ಹೇಳಿದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದೆ, ನಿಜವಾಗಿಯೂ ಹಾಗೇ ನಂಬಿಬಿಟ್ಟಿದ್ದ.