ಸ್ನಾನ ಮಾಡಿ ಬರ್ರಿ, ಆಮೇಲೆ ಎಕ್ಸ್‌ರೇ

ವೇದಿಕೆಯ ಮೇಲೆ ಮೊದಲು ಸೀನಿದವಳು ನಾನೇ.

ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಇದನ್ನು ಓದಿದ ಮೇಲೆ ಯಾರಾದರೂ ಫೋನ್ ಮಾಡಿ, ‘ಮೇಡಂ, ನೀವೂ ಅಲ್ಲೇ ಇದ್ರಲ್ರೀ’ ಅಂತ ಶುರು ಹಚ್ಚುತ್ತಾರೆ. ಇದ್ದೆ. ಬ್ಯಾಡಗಿಯ ಕಲ್ಯಾಣ ಮಂಟಪವೊಂದರಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ, ಕೈಯಲ್ಲೊಂದು ಗುಲಾಬಿ ಹಿಡಿದುಕೊಂಡು ಮುಖ್ಯ ಅತಿಥಿಯಾಗಿ ಕೂತಿದ್ದೆ. (ರಾಣೇಬೆನ್ನೂರಿನ ನಮ್ಮ ಮನೆ ಬಾಗಿಲಿಗೇ ಕಾರು ಕಳಿಸಿದ್ದರು. ಬಸ್ಸಿನಲ್ಲಿ ಓಡಾಡುವ ಅಂಕಣಕಾರರಿಗೆ ಕಾರು ಬಂದರೆ ಒಲ್ಲೆ ಅನ್ನುವ ಬಾಯಿ ಬರುವುದಿಲ್ಲ.)

ಹಿಂದೆ ದೊಡ್ಡ ಫ್ಲೆಕ್ಸ್. ‘ಎಲ್ಲರಿಗೂ ಸಮಾನ ಆರೋಗ್ಯ: ಸಮುದಾಯ ಸಹಭಾಗಿತ್ವ ಶಿಬಿರ’. ಅದರ ಕೆಳಗೆ ಸಹಭಾಗಿಗಳ ಫೋಟೊಗಳು. ಮೆಣಸಿನಕಾಯಿ ವ್ಯಾಪಾರಸ್ಥರು ಕೆಲವರು ಕೂಡಿ ಕಟ್ಟಿಕೊಂಡ ಹೊಸದೊಂದು ಸೇವಾ ಬಳಗದವರು, ಒಬ್ಬಿಬ್ಬರು ಡಾಕ್ಟರು, ಗುಡಿ ಕಮಿಟಿಯವರು, ಮಸೀದಿ ಕಮಿಟಿಯವರು. ಎಲ್ಲರೂ ಗಂಡಸರು, ಎಲ್ಲರೂ ಕೈಮುಗಿದು ನಗುತ್ತಿದ್ದರು. ಶಿಬಿರ ಯಾರಿಗಾಗಿ ನಡೆಯುತ್ತಿತ್ತೋ ಅವರದೊಂದು ಫೋಟೊ ಮಾತ್ರ ಇರಲಿಲ್ಲ.

ಯಾರಿಗಾಗಿ? ಮೆಣಸಿನಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳಿಗಾಗಿ. ತುಂಬು ಅಂದರೆ ತೊಟ್ಟು. ನೀವು ಅಂಗಡಿಯಲ್ಲಿ ಕೊಳ್ಳುವ ಬ್ಯಾಡಗಿ ಖಾರದ ಪುಡಿಯ ಪಾಕೀಟಿನ ಹಿಂದೆ, ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿದ ಕೈಗಳಿವೆ. ಆ ಕೈಗಳಲ್ಲಿ ಹೆಚ್ಚಿನವು ದಲಿತರ ಕೇರಿಯವು, ಮುಸಲ್ಮಾನರ ಓಣಿಯವು. ಬೆಳಗಿನಿಂದ ಸಂಜೆಯ ತನಕ ಶೆಡ್ಡಿನಲ್ಲಿ ಕೂತು ಕೆಂಪು ಧೂಳು ನುಂಗುತ್ತಾರೆ. ಕೆಮ್ಮು ಬಂದರೆ ‘ಖಾರದ ಕೆಮ್ಮು’ ಅಂದುಕೊಂಡು ಸುಮ್ಮನಾಗುತ್ತಾರೆ. ಅದು ಖಾರದ ಕೆಮ್ಮೋ, ಕ್ಷಯದ ಕೆಮ್ಮೋ ಗೊತ್ತಾಗುವುದು ಹೇಗೆ? ಅದಕ್ಕೇ ಬಳಗದವರು ಎಕ್ಸ್‌ರೇ ವ್ಯಾನ್ ತರಿಸಿದ್ದರು. ಐಡಿಯಾ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ? ನಾನು ಒಪ್ಪಿಕೊಂಡಿದ್ದೂ ಅದಕ್ಕೇ.

ಬಳಗದ ಅಧ್ಯಕ್ಷರು ಮೈಕ್ ಹಿಡಿದರು. ‘ಬ್ಯಾಡಗಿಗೆ ಬಂದು ಬಸ್ ಇಳಿದ ಕೂಡ್ಲೇ ಮೂಗಿಗೆ ಬಡಿತೈತಲ್ಲ ಘಾಟು, ಅದು ನಮ್ಮೂರಿನ ಹೆಮ್ಮೆ ಐತ್ರಿ!’ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಮಾರ್ಕೆಟ್ಟಿನಿಂದ ಸೀದಾ ಬಂದ ವ್ಯಾಪಾರಸ್ಥರು ಕೂತಿದ್ದರು. ಅವರ ಬಿಳಿ ಅಂಗಿಯ ತೋಳಿನ ಮೇಲೂ ಕೆಂಪು ಧೂಳಿತ್ತು. ಅದನ್ನು ಯಾರೂ ನೋಡಲಿಲ್ಲ. ನೋಡಿದರೂ ಅದು ಲಕ್ಷ್ಮಿ, ಕೊಡವಿಕೊಳ್ಳುವಂಥದ್ದಲ್ಲ.

ಅಷ್ಟರಲ್ಲಿ ಹೆಣ್ಣುಮಕ್ಕಳ ಗುಂಪು ಬಂತು. ‘ಕೆಲಸದ ನಡುವ ಎದ್ದು ಹೋಗಿ ಎದಿ ಫೋಟೊ ಹೊಡಿಸ್ಕೊಂಡು ಲಗೂನ ಬರ್ರಿ’ ಅಂತ ಶೆಡ್ಡಿನವರು ಬಿಟ್ಟುಕೊಟ್ಟಿದ್ದರು. ತಲೆಗೆ ಕಟ್ಟಿಕೊಂಡ ಬಟ್ಟೆ, ಮೈತುಂಬ ಖಾರ, ಹಾಗೇ ಬಂದರು. ಮಂಟಪದ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ಘಾಟು ಎದ್ದಿತು ನೋಡಿ. ನಾನು ಸೀನಿದೆ. ಪಕ್ಕದ ಡಾಕ್ಟರು ಸೀನಿದರು. ನಮ್ಮೂರಿನ ಹೆಮ್ಮೆ ಅಂದ ಅಧ್ಯಕ್ಷರಿಗೆ ಕೆಮ್ಮು ಹತ್ತಿ ಮಾತೇ ನಿಂತಿತು.

ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡುತ್ತೇನೆ, ಬಳಗದ ಕಾರ್ಯದರ್ಶಿ ಬಾಗಿಲ ಬಳಿ ನಿಂತು ಆ ಹೆಣ್ಣುಮಕ್ಕಳಿಗೆ ಏನೋ ಹೇಳುತ್ತಿದ್ದಾರೆ. ಗುಂಪು ಹಿಂದಕ್ಕೆ ತಿರುಗಿತು. ಹೊರಗೆ ಸಾಲಾಗಿ ನಿಲ್ಲಿಸುತ್ತಿದ್ದಾರೆ ಅಂದುಕೊಂಡೆ. ಭಾಷಣ ಮುಂದುವರಿಯಿತು. ಎಲ್ಲರ ಸರದಿ ಮುಗಿದು ವಂದನಾರ್ಪಣೆ ಆಗುವ ಹೊತ್ತಿಗೆ ಹೊಟ್ಟೆಯಲ್ಲಿ ಹಸಿವೂ ಇತ್ತು, ಅವರಲ್ಲೊಬ್ಬರೂ ಒಳಗೆ ಕಾಣದೆ ಸಿಟ್ಟೂ ಶುರುವಾಗಿತ್ತು.

ಕೆಳಗಿಳಿದು ಕಾರ್ಯದರ್ಶಿಯನ್ನು ಕೇಳಿದೆ. ‘ಅವ್ರೆಲ್ಲಾ ಎಲ್ಲಿ ಹೋದ್ರು?’

‘ಘಾಟು ಭಾಳ ಇತ್ತಲ್ರಿ ಮೇಡಂ. ಮ್ಯಾಲೆ ದೊಡ್ಡ ಮಂದಿ ಕುಂತಿದ್ರಿ. ಮನಿಗೆ ಹೋಗಿ ಸ್ನಾನ ಮಾಡಿ, ಸೀರಿ ಬದಲಿ ಮಾಡ್ಕೊಂಡು ಬರ್ರಿ ಅಂತ ಕಳಿಸೇನ್ರಿ. ಭಾಳ ಮರ್ಯಾದಿಲೆ ಹೇಳೇನಿ ಮತ್ತ!’

ಖರೇ. ಮರ್ಯಾದೆಯಿಂದಲೇ ಹೇಳಿದ್ದರು. ನಮ್ಮ ಕಡೆ ಮಂದಿಯನ್ನು ಹೊರಗಿಡುವುದೇ ಮರ್ಯಾದೆಯಿಂದ. ‘ಅಕ್ಕಾರ’ ಅಂತೀವಿ, ‘ತಪ್ಪು ತಿಳಿಬ್ಯಾಡ್ರಿ’ ಅಂತೀವಿ, ಬಾಗಿಲು ಹಾಕಿಕೊಳ್ತೀವಿ.

ಖಾರದ ಧೂಳು ಕುಡಿದ ಎದೆಯನ್ನು ಪರೀಕ್ಷೆ ಮಾಡುವ ಶಿಬಿರ. ಅದಕ್ಕೆ ಬಂದವರ ಮೈಮೇಲೆ ಖಾರವಿದೆ ಅಂತ ವಾಪಸು ಕಳಿಸುತ್ತಾರೆ! ಗದ್ದೆಯಿಂದ ಬಂದವನ ಕಾಲಿಗೆ ಕೆಸರಾಗಿದೆ ಅಂತ ಯಾರಾದರೂ ಬೆರಗಾಗುತ್ತಾರೆಯೇ? ನಮಗೆ ಐದು ನಿಮಿಷ ತಡೆಯಲಾಗದ ಘಾಟಿನಲ್ಲಿ ಅವರು ದಿನವಿಡೀ ಕೂರುತ್ತಾರೆ ಅನ್ನುವುದು ಆ ಸೀನಿನಲ್ಲೇ ಗೊತ್ತಾಗಬೇಕಿತ್ತು. ಅದಕ್ಕಿಂತ ದೊಡ್ಡ ಪುರಾವೆ ಯಾವ ಎಕ್ಸ್‌ರೇ ಕೊಡುತ್ತದೆ? ನಾವು ಮೂಗು ಒರೆಸಿಕೊಂಡೆವು, ಅವರನ್ನು ಸ್ನಾನಕ್ಕೆ ಕಳಿಸಿದೆವು. ಅದೇ ಧೂಳು ತೋಳಿಗೆ ಮೆತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತವರಿಗೆ ‘ಮೈ ತೊಕ್ಕೊಂಡು ಬರ್ರಿ’ ಅನ್ನುವ ಧೈರ್ಯ ಯಾರಿಗಾದರೂ ಇತ್ತೇ? ಯಾರ ಮೈಯ ಘಾಟು ಹೆಮ್ಮೆ, ಯಾರ ಮೈಯ ಘಾಟು ಕಿರಿಕಿರಿ ಅನ್ನುವುದನ್ನು ನಾವು ಕಣ್ಣುಮುಚ್ಚಿಕೊಂಡೂ ಹೇಳುತ್ತೇವೆ. ಸ್ನಾನ ಮಾಡಿಸಿ ಒಳಗೆ ಬಿಡುವುದು ನಮಗೆ ಹೊಸದೂ ಅಲ್ಲ.

ಹೊರಗೆ ಬಂದೆ. ವ್ಯಾನಿನ ಮುಂದೆ ಸಾಲು ಇತ್ತು. ಯಾರದು? ಬಳಗದವರ ಮನೆಮಂದಿಯದು! ‘ಫ್ರೀ ಐತಿ, ಬಂದು ತೆಗಿಸ್ಕೊಂಡು ಹೋಗ್ರಿ’ ಅಂತ ಫೋನು ಹೋಗಿತ್ತು. ರೇಷ್ಮೆ ಸೀರೆಯ ಯಜಮಾನತಿಯೊಬ್ಬರು, ‘ಎದಿಗೇನೂ ಆಗಿಲ್ರಿ, ಮೊಣಕಾಲಿಂದು ತೆಗಿತೀರೇನ್ರಿ?’ ಅಂತ ಟೆಕ್ನಿಷಿಯನ್‌ನನ್ನು ಕೇಳುತ್ತಿದ್ದರು. ಪಾಪ, ಅವನು ಬರೀ ಎದೆಯದು ಅಂತ ತಿಳಿಸಿ ಹೇಳುತ್ತಿದ್ದ. ಒಳಗೆ ಊಟ ನಡೆದಿತ್ತು. ಎಲೆಯ ಮೇಲೆ ಬಿಸಿಬಿಸಿ ಮಿರ್ಚಿ ಭಜಿ. ಅದರ ಘಾಟಿಗೆ ಯಾರೂ ಸೀನಲಿಲ್ಲ.

ದಿನಕ್ಕೆ ಇಷ್ಟು ಎಕ್ಸ್‌ರೇ ಅನ್ನುವ ಟಾರ್ಗೆಟ್ ಮುಗಿಯಿತು, ವ್ಯಾನ್ ಹೊರಟಿತು. ‘ಇನ್ನೂ ಬರೋರದಾರ, ನಿಂದರ್ರಿ’ ಅಂದೆ. ಬೇರೆ ಊರಿಗೆ ಹೋಗಬೇಕು, ಕೇಳುವುದಿದ್ದರೆ ಬಳಗದವರನ್ನು ಕೇಳಿ ಅಂದರು ವ್ಯಾನಿನವರು. ಬಳಗದವರನ್ನು ಕೇಳಿದೆ. ‘ಅವ್ರೆಲ್ಲಿ ಹೊಳ್ಳಿ ಬರ್ತಾರ ಬಿಡ್ರಿ ಮೇಡಂ. ಆ ಮಂದಿಗೆ ಅರಿವಿನ ಕೊರತಿ ಐತಿ’ ಅಂದರು ಅಧ್ಯಕ್ಷರು, ಭಜಿ ಮುರಿಯುತ್ತಾ.

ಅರಿವಿನ ಕೊರತೆ! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಊಟ ಬಿಟ್ಟು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತೆ.

ಅವರು ಹೊಳ್ಳಿ ಬಂದರು. ಎಲ್ಲರೂ ಅಲ್ಲ, ಬಹಳ ಮಂದಿ ಕೆಲಸಕ್ಕೆ ಮರಳಿದ್ದರು. ಮೂರು ನಾಲ್ಕು ಜನ ಬಂದರು, ಹಸಿ ಕೂದಲು, ಒಗೆದ ಸೀರೆ. ಮುಂದೆ ಬಂದಾಕೆ ಖಾತೂನಬಿ. ಬಾಯಿ ಜೋರು, ನಡಿಗೆ ಅದಕ್ಕಿಂತ ಜೋರು. ಆಕೆಯ ತೋಳು ಹಿಡಿದುಕೊಂಡು ಹಿಂದೆ ಹುಲಿಗೆವ್ವ. (ಎರಡೂ ಹೆಸರು ಬದಲಿಸಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಬರೆಯಲೇನು ಅಂತ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.)

ವ್ಯಾನ್ ನಿಂತಿದ್ದ ಜಾಗ ನೋಡಿ ಹುಲಿಗೆವ್ವ ಮೆಲ್ಲಗೆ ಕೇಳಿದಳು. ‘ಹೋತೇನ್ರಿ ಗಾಡಿ?’

‘ಇಷ್ಟು ತಡಾ ಯಾಕಾತವ್ವ?’ ಅಂದುಬಿಟ್ಟೆ. ಖಾತೂನಬಿ ತಿರುಗಿಬಿದ್ದಳು.

‘ಏನಂದ್ರಿ ಅಕ್ಕಾರ? ಖಾರದ ಮೈಗೆ ಒಮ್ಮಿಗಲೇ ನೀರು ಹಾಕಾಕ ಬರ್ತೈತೇನ್ರಿ? ಬೆಂಕಿ ಹಚ್ಚಿದಂಗ ಆಕ್ಕೈತಿ. ಮೊದಲ ಎಣ್ಣಿ ತಿಕ್ಕಬೇಕು, ಅದು ಉರಿ ಎಳಕೋಬೇಕು, ಆಮ್ಯಾಲೆ ನೀರು. ಇವತ್ತು ನಲ್ಲಿನೂ ಬಿಟ್ಟಿಲ್ಲ. ಕುಡಿಯೂ ನೀರಾಗ ಮೈ ತೊಕ್ಕೊಂಡು ಬಂದೀವ್ರಿ. ಬೆಳಗಿಂದ ಸಂಜಿಮಟ ಖಾರದಾಗ ಕುಂದರ್ರಿ ಅನ್ನೋರೂ ಇವರ, ಖಾರ ತೊಕ್ಕೊಂಡು ಬರ್ರಿ ಅನ್ನೋರೂ ಇವರ. ಆ ಗಾಡಿಗೆ ಗಾಲಿ ಅದಾವಲ್ರಿ? ನಮ್ಮ ಓಣಿಗೆ, ನಮ್ಮ ಶೆಡ್ಡಿಗೆ ಬಂದ್ರ ಸವೀತಾವೇನು?’

ಗಾಲಿಯೇನೂ ಸವೆಯುತ್ತಿರಲಿಲ್ಲ. ನೀವೇನಂತೀರಿ?

ಹುಲಿಗೆವ್ವ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಳು. ಬಹಳ ದಿನದ ಕೆಮ್ಮು, ಸಂಜೆಯಾದರೆ ಜ್ವರ, ಮೈ ಕರಗಿದೆ. ಆಕೆಗೆ ತನ್ನ ಚಿಂತೆ ಇರಲಿಲ್ಲ. ‘ಮೊಮ್ಮಗಳು ಇನ್ನೂ ಸಣ್ಣಾಕಿ ಐತ್ರಿ ಅಕ್ಕಾರ. ರಾತ್ರಿ ನನ್ನ ಮಗ್ಗಲಾಗ ಮಲಗತೈತಿ, ದೂರ ಮಲಗಂದ್ರ ಅಳತೈತಿ. ನನಗ ಇರೂದು ಬರೀ ಖಾರದ ಕೆಮ್ಮು ಅಂತ ಯಾರರ ಹೇಳಿದ್ರ ಸಾಕಿತ್ರಿ.’

ಅರಿವಿನ ಕೊರತೆ ಯಾರಿಗಿತ್ತು, ಹೇಳಿ.

ಮರುದಿನ ಆಕೆಯನ್ನು ರಾಣೇಬೆನ್ನೂರಿಗೆ ಕರೆಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. (ಈ ಸಲ ಕಾರು ಇರಲಿಲ್ಲ, ಇಬ್ಬರೂ ಆಟೋದಲ್ಲಿ ಕೆಮ್ಮುತ್ತಾ ಸೀನುತ್ತಾ ಹೋದೆವು.) ಅಲ್ಲಿ ಯಾರೂ ಆಕೆಯ ಸೀರೆ ಮೂಸಿ ನೋಡಲಿಲ್ಲ. ಎಕ್ಸ್‌ರೇ ಆಯಿತು, ಕಫ ಪರೀಕ್ಷೆ ಆಯಿತು. ಖಾರದ ಕೆಮ್ಮಾಗಿರಲಿಲ್ಲ. ಕ್ಷಯ. ಡಾಕ್ಟರಮ್ಮ ಕೂಡಿಸಿಕೊಂಡು ಹೇಳಿದರು, ಔಷಧ ಪುಕ್ಕಟೆ, ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ ಅಂತ. ಹುಲಿಗೆವ್ವ ಕೇಳಿದ್ದು ಒಂದೇ ಮಾತು. ‘ಕೂಸಿಗೆ?’ ಮಗುವನ್ನೂ ಕರೆಸಿ ಪರೀಕ್ಷೆ ಮಾಡಿದರು. ಬಂದಿರಲಿಲ್ಲ. ಬರದಂತೆ ಔಷಧ ಕೊಟ್ಟರು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಆಕೆ ಅತ್ತಳು. ನಾನೂ ಅತ್ತೆ, ಅದರಲ್ಲಿ ಅರ್ಧ ಸಿಟ್ಟಿನ ನೀರು.

ಆ ದಿನ ಹೊಳ್ಳಿ ಬರದೆ ಹಾಗೇ ಶೆಡ್ಡಿಗೆ ಹೋದವರು ಎಷ್ಟು ಜನ? ಅವರ ಮಗ್ಗಲಲ್ಲಿ ಮಲಗುವ ಕೂಸುಗಳು ಎಷ್ಟು?

ಇಷ್ಟಕ್ಕೇ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಕಳೆದ ವಾರ ಅಧ್ಯಕ್ಷರ ಫೋನ್ ಬಂತು. ದನಿಯಲ್ಲಿ ಸಕ್ಕರೆ. ಆಸ್ಪತ್ರೆಯ ಕಡೆಯಿಂದ ಹೇಗೋ ಸುದ್ದಿ ಮುಟ್ಟಿತ್ತು, ಹೆಸರು ಮಾತ್ರ ಮುಟ್ಟಿರಲಿಲ್ಲ. ‘ಮೇಡಂ, ನಮ್ಮ ಕ್ಯಾಂಪಿಂದ ಒಬ್ರಿಗೆ ಟೀಬಿ ಪತ್ತೆ ಆತಂತಲ್ರಿ! ಸಕ್ಸಸ್ ಆತು ನೋಡ್ರಿ. ಹಾವೇರ್‍ಯಾಗ ದೊಡ್ಡ ಕಾರ್ಯಕ್ರಮ ಐತಿ, ಸಹಭಾಗಿತ್ವಕ್ಕ ನಮಗ ಸನ್ಮಾನ ಮಾಡ್ತಾರ. ಆ ಹೆಣ್ಣುಮಗಳನ್ನ ಸ್ಟೇಜಿಗೆ ಕರ್ಕೊಂಡು ಬರ್ರಿ. ಶಾಲು ಹಾಕ್ತೀವಿ, ಹಣ್ಣಿನ ಬುಟ್ಟಿ ಕೊಡ್ತೀವಿ.’

ನಿಮ್ಮ ಕ್ಯಾಂಪಿನಿಂದ? ಕ್ಯಾಂಪಿನ ಬಾಗಿಲಿನಿಂದ ಅನ್ನಿ!

‘ಅಲ್ರೀ, ಕ್ಷಯ ಐತಿ ಅಂತ ನಾಕು ಮಂದಿ ಮುಂದ ನಿಂದ್ರಿಸಿದ್ರ ನಾಳೆ ಆಕಿಗೆ ಕೆಲಸ ಯಾರು ಕೊಡ್ತಾರ? ನೀವು ಕೊಡ್ತೀರೇನು?’ ಅಂದೆ.

‘ನೀವು ಎಲ್ಲಾದ್ರಾಗೂ ನೆಗೆಟಿವ್ ನೋಡ್ತೀರಿ ಬಿಡ್ರಿ’ ಅಂದರು. ನಾನು ಇನ್ನೂ ಕೇಳಿದೆ. ಮುಂದಿನ ವ್ಯಾನ್ ಶೆಡ್ಡಿಗೇ ಕಳಿಸುತ್ತೀರಾ? ಬಳಗದ ಸಭೆಯಲ್ಲಿ ತುಂಬು ಬಿಡಿಸುವವರಿಗೊಂದು ಕುರ್ಚಿ ಹಾಕುತ್ತೀರಾ? ಶೆಡ್ಡಿಗೆ ಧೂಳು ಎಳೆಯುವ ಫ್ಯಾನ್ ಕೂರಿಸುತ್ತೀರಾ? ‘ಅದನ್ನೆಲ್ಲಾ ಮುಂದಿನ ವರ್ಷ ವಿಚಾರ ಮಾಡೂಣು. ಸದ್ಯ ಆ ಮಂದಿಗೆ ಹಂಚಾಕ ಸಾಬಾಣ ಆರ್ಡರ್ ಮಾಡೀವಿ’ ಅಂದರು.

ಸಾಬೂನು! ಎದೆಗೆ ರೋಗ ಬಂದವರಿಗೆ ಸಾಬೂನು. ನಾಲ್ಕು ದೊಡ್ಡ ಮನುಷ್ಯರು ಒಂದೇ ಫ್ಲೆಕ್ಸಿನಲ್ಲಿ ನಿಂತು ನಕ್ಕರೆ ಅದಕ್ಕೆ ಸಹಭಾಗಿತ್ವ ಅನ್ನುತ್ತಾರೆ. ಕೆಮ್ಮುವವಳ ಪಾಲಿಗೆ ಬರುವ ಭಾಗ ಕೆಮ್ಮು ಮಾತ್ರ.

ಫೋನಿನಲ್ಲೇ ‘ಆಕಿ ಬರೂದಿಲ್ಲ’ ಅಂದುಬಿಡಬೇಕು ಅನ್ನಿಸಿತು. ಆದರೆ ಆಕೆಯನ್ನು ಕೇಳದೆ ಆಕೆಯ ಪರವಾಗಿ ಮಾತಾಡಿದರೆ ನನಗೂ ಆ ಬಳಗಕ್ಕೂ ಏನು ಫರಕು? ಭಾನುವಾರ ಬ್ಯಾಡಗಿಗೆ ಹೋದೆ. ಹುಲಿಗೆವ್ವ ಬಾಗಿಲ ಕಟ್ಟೆಯ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ಕೆಮ್ಮು ಇಳಿದಿತ್ತು, ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಶೆಡ್ಡಿನವರಿಗೆ ‘ಮೈಯಾಗ ಆರಾಮಿಲ್ಲ’ ಅಂತಷ್ಟೇ ಹೇಳಿದ್ದಳು. ಪಕ್ಕದಲ್ಲಿ ಖಾತೂನಬಿ ಕೂತಿದ್ದಳು.

ಹಾವೇರಿಯ ಕಾರ್ಯಕ್ರಮದ ಸಂಗತಿ ಹೇಳಿದೆ. ವೇದಿಕೆ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಹೇಳಿದೆ. ‘ಹೋಗಬ್ಯಾಡ ನೋಡು, ಹೋದಿ ಅಂದ್ರ ನನ್ನ ಸಂಗಾಟ ಮಾತಾಡಬ್ಯಾಡ’ ಅಂತ ಖಾತೂನಬಿ ಎದ್ದು ನಿಂತಳು.

ಹುಲಿಗೆವ್ವ ಅವಸರ ಮಾಡಲಿಲ್ಲ. ಜಡೆ ಹೆಣೆದು ಮುಗಿಸಿದಳು, ರಿಬ್ಬನ್ ಕಟ್ಟಿದಳು, ಮಗುವನ್ನು ಆಡಲು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಅವ್ರನ್ನ ಒಂದು ಮಾತು ಕೇಳ್ರಿ ಅಕ್ಕಾರ. ಸ್ನಾನ ಮಾಡ್ಕೊಂಡು ಬರೂದೋ, ಹಂಗ ಬರೂದೋ?’