ಜಗಲಿಯ ಮೇಲಿನ ಪುಸ್ತಕ

ಶಿದ್ಲಿಂಗಪ್ಪನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಗೋಕಾಕದ ನೂಲಿನ ಗಿರಣಿಯಲ್ಲಿ ಬಾಜೂ ನಿಲ್ಲುವವನ ಪಗಾರಕ್ಕೆ, ಮೀಸೆಗೆ, ಕೊನೆಗೆ ಅವನ ಹೊಸ ಕೊಡೆಗೂ ಉರಿದುಕೊಂಡವನು. ಆದರೆ ಆರು ವರ್ಷದ ಹುಡುಗಿಯನ್ನು ಕಂಡು ಕರುಬುವ ಮಟ್ಟಕ್ಕೆ ಇಳಿದೇನೆಂದು ಅವನೂ ಎಣಿಸಿರಲಿಲ್ಲ.

ಆ ಹುಡುಗಿ ಕುಲಗೋಡದಲ್ಲಿದ್ದ ಅಕ್ಕ ಕಾಶೆವ್ವನ ಮಗಳು ಸಾವಿತ್ರವ್ವ. ಅವಳು ಓದುತ್ತಾಳಂತೆ! ಇವನ ಮಗಳ ಹೆಸರು ಅಲ್ಲವ್ವ; ಸಾವಿತ್ರವ್ವನಿಗಿಂತ ಒಂದು ವರ್ಷ ದೊಡ್ಡವಳು. ಶಾಲೆಯ ಒಂದನೆಯ ಇಯತ್ತೆಯಲ್ಲೇ ಎರಡನೆಯ ವರ್ಷ ಕೂತಿದ್ದಳು. ನಿನ್ನೆ ತಿದ್ದಿದ ಅಕ್ಷರ ಇವತ್ತು ಗುರುತೇ ಹತ್ತುತ್ತಿರಲಿಲ್ಲ. ದೀಪಾವಳಿಯೊಳಗೆ ಓದದಿದ್ದರೆ ಶಾಲೆ ಬಿಡಿಸಿ ಎಮ್ಮೆ ಕಾಯಲು ಹಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು.

೧೯೩೬ರ ಶ್ರಾವಣದ ಒಂದು ರವಿವಾರ ಕರದಂಟಿನ ಪೊಟ್ಟಣ ಹಿಡಿದು ಅವನು ಕುಲಗೋಡಕ್ಕೆ ಹೋದ. ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಪರಾತದಲ್ಲಿ ಹರವಿದ ಜೋಳದ ಹಿಟ್ಟಿನ ಮೇಲೆ ಸಾವಿತ್ರವ್ವ ಬೆರಳಿನಿಂದ ಅಕ್ಷರ ಬರೆದು, ಕೂಗಿ ಹೇಳುತ್ತಿದ್ದಳು. ಹತ್ತರಲ್ಲಿ ನಾಲ್ಕು ತಪ್ಪು. ಪ್ರತಿ ತಪ್ಪಿಗೂ ಶಿದ್ಲಿಂಗಪ್ಪನಿಗೆ ಒಳಗೊಳಗೇ ಹಿಗ್ಗು. ಆದರೆ ಯಾರೂ ಬೈಯಲಿಲ್ಲ. ಹುಡುಗಿ ಅಂಗೈಯಿಂದ ಹಿಟ್ಟು ಸವರಿ ಮತ್ತೆ ಬರೆದಳು. ಅಷ್ಟರಲ್ಲಿ ಅವಳಪ್ಪ ರಾಚಪ್ಪ ಹೊಲದಿಂದ ಬಂದು, ರಟ್ಟು ಹರಿದ ಪುರಾಣ ತೆರೆದ. ತೊಡೆಯೇರಿದ ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು, ಒಂದೆರಡು ಮಾತು ಅವನಿಗಿಂತ ಮೊದಲೇ ಓದಿಬಿಟ್ಟಳು.

"ಇಕೀಗೂ ತಲ್ಯಾಗ ಅಕ್ಷರ ನಿಲ್ಲಂಗಿಲ್ಲೋ ತಮ್ಮಾ," ಎಂದಳು ಕಾಶೆವ್ವ. "ನಮ್ಮಪ್ಪಗ ನಿಲ್ಲಲಿಲ್ಲ, ನಿನಗೂ ನಿಲ್ಲಲಿಲ್ಲ. ನಮ್ಮ ಮನಿತನದಾಗ ಬಂದದ್ದು ಅದು. ಅದಕ್ಕ ದಿನಾ ಹಿಂಗ ಆಡಸ್ತೀವಿ. ನಿಮ್ಮನ್ಯಾಗೂ ಪುಸ್ತಕ ಐತೆಲ್ಲ, ಏನ ಮಾಡ್ತಿ ಅದಕ್ಕ?"

"ಪೂಜಾ ಮಾಡ್ತೀನಿ."

ಸುಳ್ಳಲ್ಲ. ಮದುವೆಯಲ್ಲಿ ಬಂದ ಪುಸ್ತಕ ಕೆಂಪು ಬಟ್ಟೆಯಲ್ಲಿ ಸುತ್ತಿಸಿಕೊಂಡು ದೇವರ ಜಗಲಿ ಏರಿತ್ತು. ಸೋಮವಾರಕ್ಕೊಮ್ಮೆ ವಿಭೂತಿ, ಹೂವು, ಮಕ್ಕಳು ಮುಟ್ಟುವಂತಿಲ್ಲ. ಓಣಿಯವರು ಅವನನ್ನು ಓದಿದವನೆಂದೇ ತಿಳಿದಿದ್ದರು. ಬಿಚ್ಚಿದರೆ ಯಾರಾದರೂ ಓದೆಂದಾರು ಎಂಬ ಹೆದರಿಕೆಯೇ ಆ ಭಕ್ತಿಯ ಮೂಲವೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಅಂದು ಸಂಜೆ ಮನೆಗೆ ಬಂದವನೇ ಅಲ್ಲವ್ವನೆದುರು ಪುಸ್ತಕಕ್ಕೆ ಸುತ್ತಿದ ಕೆಂಪು ಬಟ್ಟೆ ಬಿಚ್ಚಿದ. ವಿಭೂತಿ ಕೊಡವಿ, ಬೆರಳಿಟ್ಟು ಓದತೊಡಗಿದ. ಒಂದು ಬೀಡಿ ಸೇದುವ ಹೊತ್ತಿಗೆ ಎರಡು ಪದ ಮುಗಿದವು.

"ಅಪ್ಪಾ, ನಿನಗೂ ಬರಂಗಿಲ್ಲೇನು?"

"ಬರಂಗಿಲ್ಲವ್ವಾ."

ಮಗಳ ಮುಖ ಅಷ್ಟು ಅರಳಿದ್ದನ್ನು ಅವನು ಕಂಡಿರಲಿಲ್ಲ. ಅವಳಾಗಿಯೇ ಬಂದು ತೊಡೆಯ ಮೇಲೆ ಕೂತಳು. ಮರುದಿನದಿಂದ ರೊಟ್ಟಿಯ ಹಿಟ್ಟಿನಲ್ಲಿ ಅಪ್ಪ ಮಗಳಿಬ್ಬರೂ ಅಕ್ಷರ ತಿದ್ದಿದರು.

ದೀಪಾವಳಿಗೆ ಅಲ್ಲವ್ವ ತಡೆತಡೆದು ಒಂದು ಪುಟ ಓದಿದಳು. ಎಮ್ಮೆಯ ಮಾತನ್ನು ಯಾರೂ ಎತ್ತಲಿಲ್ಲ. ಅವಳು ಹಾಳೆ ತಿರುವಲು ಹೋದಾಗ, ಇನ್ನೂ ಮೂರನೆಯ ಸಾಲಿನಲ್ಲಿದ್ದ ಶಿದ್ಲಿಂಗಪ್ಪ ಮುಖ ಗಂಟಿಕ್ಕಿ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದ.

"ತಡಿ, ನಂದಿನ್ನ ಮುಗಿದಿಲ್ಲ."